ಕಾರಾ ವಾಕರ್ ಚಿತ್ರಗಳ ಮುಂದೆ ಮೊದಲ ಸಲ ನಿಂತವರಿಗೆ

ಅಮೆರಿಕದ ಕಪ್ಪು ಕಲಾವಿದೆ ಕಾರಾ ವಾಕರ್ ಅವರ ಚಿತ್ರ ನೋಡಿ ಹೊಟ್ಟೆ ತೊಳಸಿದಂತಾದರೆ, ಕಲೆ ಅರ್ಥವಾಗಲಿಲ್ಲ ಅಂದುಕೊಳ್ಳಬೇಡಿ. ದೂರದಿಂದ ಅದು ಹಳೇ ಕಾಲದ ಶ್ರೀಮಂತರ ಮನೆಯ ಅಲಂಕಾರದಂತೆ ಕಾಣುತ್ತದೆ: ಬಿಳಿ ಗೋಡೆ, ಕತ್ತರಿಸಿ ಅಂಟಿಸಿದ ಕಪ್ಪು ಕಾಗದ, ಆಳೆತ್ತರದ ಆಕೃತಿಗಳು. ಹತ್ತಿರ ಹೋದರೆ ಅಮೆರಿಕದ ಗುಲಾಮಗಿರಿ ಕಾಲದ ತೋಟ, ಒಡೆಯ, ಮಗು, ಅತ್ಯಾಚಾರ. ಎಲ್ಲರೂ ಒಂದೇ ಕಪ್ಪು. ಯಾರು ಬಿಳಿಯ, ಯಾರು ಕರಿಯ ಎಂದು ತುಟಿ, ಮೂಗು, ಕೂದಲಿನ ಅಂಚು ನೋಡಿ ನಾವೇ ತೀರ್ಮಾನಿಸಿರುತ್ತೇವೆ. ಇರಿಸುಮುರಿಸು ಶುರುವಾಗುವುದೇ ಅಲ್ಲಿ. ಹಾಗಾಗಿ ಮೊದಲು ಫಲಕ ಓದಬೇಡಿ. ಕೈ, ಕಾಲು, ಬಾಯಿಯ ಅಂಚುಗಳನ್ನು ನಿಧಾನವಾಗಿ ಹಿಂಬಾಲಿಸಿ. ಕೆಲವು ಕೃತಿಗಳಲ್ಲಿ ಪ್ರೊಜೆಕ್ಟರ್ ಬೆಳಕಿಗೆ ನಮ್ಮ ನೆರಳೂ ಗೋಡೆ ಮೇಲೆ ಬಿದ್ದು ಆ ಗುಂಪಿಗೆ ಸೇರುತ್ತದೆ.

2014ರಲ್ಲಿ ನ್ಯೂಯಾರ್ಕ್‌ನ ಬ್ರೂಕ್ಲಿನ್‌ನ ಹಳೇ ಡಾಮಿನೊ ಸಕ್ಕರೆ ಕಾರ್ಖಾನೆಯಲ್ಲಿ ವಾಕರ್ ಪಾಲಿಸ್ಟೈರೀನ್ ದಿಮ್ಮಿಗಳಿಗೆ ಬಿಳಿ ಸಕ್ಕರೆ ಮೆತ್ತಿ ಸುಮಾರು 35 ಅಡಿ ಎತ್ತರದ ಕರಿಯ ಹೆಣ್ಣಿನ ರೂಪದ ಸ್ಫಿಂಕ್ಸ್ (ಈಜಿಪ್ಟಿನಲ್ಲಿ ಸಿಂಹದ ಮೈ, ಮನುಷ್ಯರ ತಲೆ ಇರುವ ಪ್ರತಿಮೆ) ನಿಲ್ಲಿಸಿದರು. ಸುತ್ತ ಬುಟ್ಟಿ ಹೊತ್ತ ಹುಡುಗರ ಮೂರ್ತಿಗಳು, ಕಾಕಂಬಿ ಬಣ್ಣದವು. ಅವುಗಳಲ್ಲಿ ಸಕ್ಕರೆ ಕ್ಯಾಂಡಿಯಲ್ಲಿ ಎರಕ ಹೊಯ್ದವು ಬೇಸಿಗೆ ಸೆಕೆಗೆ ಕರಗಿ ಕುಸಿದವು. ಕಬ್ಬಿನ ತೋಟಗಳಲ್ಲಿ ಸವೆದ ದೇಹಗಳ ಬಗ್ಗೆ ಇದಕ್ಕಿಂತ ನೇರವಾಗಿ ಹೇಳಿದ ಶಿಲ್ಪ ನನಗೆ ಗೊತ್ತಿಲ್ಲ. ಆದರೂ ಎಷ್ಟೋ ಜನ ಆ ಹೆಣ್ಣಿನ ಮೈ ಹಿಡಿದಂತೆ ಪೋಸ್ ಕೊಟ್ಟು ಸೆಲ್ಫಿ ತೆಗೆದರು. ನೋಡುಗರನ್ನು ವಾಕರ್ ಚಿತ್ರೀಕರಿಸಿದ್ದರು. ಅದೂ ಆಮೇಲೆ ಒಂದು ಕೃತಿಯಾಯಿತು.

ಇದನ್ನು ಇಷ್ಟಪಡಲೇಬೇಕೆಂದೇನಿಲ್ಲ. ಹಿರಿಯ ಕಪ್ಪು ಕಲಾವಿದೆ ಬೆಟಿ ಸಾರ್ 1997ರಲ್ಲೇ ಪತ್ರ ಬರೆದು ವಾಕರ್ ಚಿತ್ರಗಳ ಪ್ರದರ್ಶನವನ್ನು ವಿರೋಧಿಸಿದ್ದರು. ಅವರ ವಾದವನ್ನೂ ಓದಿ, ಆಮೇಲೆ ಇನ್ನೊಮ್ಮೆ ಹೋಗಿ ನೋಡಿ.