ಕಡಲಿಗಿಳಿದ ಟ್ಯಾಂಕುಗಳು
ನಮ್ಮ ಹಲಸೂರು ಕೆರೆಯಂಥ ನಿಂತ ನೀರಾಗಿದ್ದರೆ ಆ ಯುದ್ಧ ಟ್ಯಾಂಕುಗಳು ತೇಲುತ್ತಿದ್ದವು. 1944ರ ಜೂನ್ 6ರ ಬೆಳಿಗ್ಗೆ, ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರ ಹಿಡಿತದಲ್ಲಿದ್ದ ಫ್ರಾನ್ಸಿಗೆ ಮಿತ್ರಪಡೆಗಳು ಕಡಲಿನಿಂದ ಇಳಿದಾಗ, ನಾರ್ಮಂಡಿಯ ಒಮಾಹಾ ತೀರದಲ್ಲಿ ಎದ್ದಿದ್ದು ಆರಡಿಯವರೆಗಿನ ಅಲೆ.

30 ಟನ್ ದಾಟುವ ಶೆರ್ಮನ್ ಟ್ಯಾಂಕು. ತೇಲಲೆಂದು ಸುತ್ತ ಕ್ಯಾನ್ವಾಸ್ ಗೋಡೆ, ಅದನ್ನು ನೆಟ್ಟಗೆ ನಿಲ್ಲಿಸಲು ಗಾಳಿ ತುಂಬಿದ ರಬ್ಬರ್ ಕೊಳವೆಗಳು, ಹಿಂದೆ ಎರಡು ಪ್ರೊಪೆಲರ್. ಲೆಕ್ಕ ಹಾಕಿದ್ದು ಒಂದಡಿ ಅಲೆಗೆ! ಅಲೆ ಪಕ್ಕಕ್ಕೆ ಬಡಿದರೆ ಕ್ಯಾನ್ವಾಸ್ ಮಡಚಿಕೊಳ್ಳುತ್ತದೆ, ನೀರು ನುಗ್ಗುತ್ತದೆ, ಅಷ್ಟೇ.

ಅಮೆರಿಕದ 741ನೇ ಟ್ಯಾಂಕ್ ಬೆಟಾಲಿಯನ್ ದಡದಿಂದ ಸುಮಾರು ಐದು ಕಿಲೋಮೀಟರ್ ಆಚೆಯೇ ನೀರಿಗಿಳಿಸಿದ 29 ಟ್ಯಾಂಕುಗಳಲ್ಲಿ 27 ಮುಳುಗಿದವು. ಪಕ್ಕದ 743ನೇ ಬೆಟಾಲಿಯನ್‌ನವರು ಕಡಲಿನ ಅಬ್ಬರ ನೋಡಿ, ಟ್ಯಾಂಕು ಹೊತ್ತ ಹಡಗುಗಳನ್ನೇ ದಡಕ್ಕೆ ಒಯ್ದರು; ಸರಿಯಾದ ನಿರ್ಧಾರ. ಟ್ಯಾಂಕಿನ ಆಸರೆ ಸಿಗದೆ ಜರ್ಮನ್ ಮೆಷಿನ್‌ಗನ್ನಿಗೆ ಎದೆಯೊಡ್ಡಿದ ಕಾಲಾಳುಗಳನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.