ಸ್ಲೈಡಿನ ಅಂಚಿನ ಸಮಯ

ಚಿತ್ರದುರ್ಗ, ಗುರುವಾರ, 18 ಜುಲೈ 2024

ಆಷಾಢದ ಗಾಳಿ, ಆಗಾಗ ಜಿನುಗು. ಸಂಜೆ, ಹಕ್ಕಿಗಳ ರಕ್ತಕಣದೊಳಗೆ ಬೆಳೆಯುವ ಹೀಮೋಪ್ರೋಟಿಯಸ್ ಎಂಬ ಪರಾವಲಂಬಿಯನ್ನು ಹುಡುಕುತ್ತಿದ್ದ ಹುಡುಗಿ ಮೈಕ್ರೋಸ್ಕೋಪಿನಿಂದ ತಲೆಯೆತ್ತಿ, “ಮೇಡಂ, ಜೋಗಿಮಟ್ಟಿ ಕಾಡಿನ ಬೆಳವನ ಹಕ್ಕಿಯ ರಕ್ತದಲ್ಲಿ ಈ ಪರಾವಲಂಬಿ ದುಂಡಗಿದೆ. ಹೀಮೋಪ್ರೋಟಿಯಸ್ ಆದರೆ ರಕ್ತಕಣದ ನ್ಯೂಕ್ಲಿಯಸ್ಸನ್ನು ಬಳಸಿಕೊಂಡು ಬಾಗಿರಬೇಕಲ್ವಾ? ಹೊಸ ಪ್ರಭೇದ ಇರಬಹುದಾ?” ಅಂದಳು.

“ಮೊದಲು ಸ್ಲೈಡಿನ ಅಂಚಲ್ಲಿ ಬರೆದಿರೋ ಸಮಯ ನೋಡಮ್ಮ.”

ರಕ್ತ ತೆಗೆದದ್ದಕ್ಕೂ ಸ್ಲೈಡಿನ ಮೇಲೆ ಎಳೆದ ಅದರ ಲೇಪ ಒಣಗಿದ್ದಕ್ಕೂ ನಡುವೆ ಆರು ನಿಮಿಷ. ಅಷ್ಟು ಸಾಕು. ಹಕ್ಕಿಯ ಬಿಸಿ ಮೈಯಿಂದ ಹೊರಬಿದ್ದ ರಕ್ತ ತಣ್ಣಗಾಗಿ ಗಾಳಿ ತಾಗಿದರೆ, ಪರಾವಲಂಬಿಯನ್ನು ಹರಡುವ ನೊಣದ ಹೊಟ್ಟೆಯಲ್ಲಿ ಆಗಬೇಕಾದ್ದು ಇಲ್ಲೇ ಶುರುವಾಗುತ್ತದೆ. ಪರಾವಲಂಬಿಯ ಗಂಡು, ಹೆಣ್ಣು ರೂಪವಾದ ಗ್ಯಾಮಿಟೋಸೈಟ್ ದುಂಡಗಾಗಿ ರಕ್ತಕಣ ಬಿಟ್ಟು ಹೊರಬರುತ್ತದೆ, ಗಂಡು ದಾರದೆಳೆಯಂಥ ಗ್ಯಾಮೀಟುಗಳನ್ನು (ಲಿಂಗಾಣುಗಳನ್ನು) ಚಿಮ್ಮಿಸುತ್ತದೆ. 1897ರಲ್ಲಿ ವಿಜ್ಞಾನಿ ಮ್ಯಾಕಲಮ್ ಕಾಗೆಯ ರಕ್ತದಲ್ಲಿ ಗಂಡು ಹೆಣ್ಣು ಕೂಡುವುದನ್ನು ಕಂಡದ್ದು ಇದೇ ಗುಣದಿಂದ. ಪ್ರಭೇದ ಗುರುತಿಸಲು ಮಾತ್ರ ಇಂಥ ಸ್ಲೈಡ್ ಬೇಡ.

ರೆಕ್ಕೆಯ ರಕ್ತನಾಳದಿಂದ 50 ಮೈಕ್ರೋಲೀಟರ್ ಸಾಕು. ಲೇಪ ಎಳೆದ ಕ್ಷಣವೇ ಕೈಫ್ಯಾನ್ ಹಿಡಿದು ಕೆಲವೇ ಸೆಕೆಂಡಲ್ಲಿ ಒಣಗಿಸಬೇಕು. ಮೆಥನಾಲಿನಲ್ಲಿ ಒಂದು ನಿಮಿಷ. ಮಳೆಗಾಲದಲ್ಲಿ ತೆರೆದಿಟ್ಟ ಬಾಟಲಿ ತೇವ ಹೀರಿ ರಕ್ತಕಣಗಳನ್ನು ಹಾಳುಮಾಡುತ್ತದೆ, ಹೊಸದನ್ನೇ ಒಡೆಯಬೇಕು. ಆಮೇಲೆ ಶೇ. 10ರ ಜೀಮ್ಸಾ ಬಣ್ಣ, ಪಿಎಚ್ 7.2, ಒಂದು ಗಂಟೆ.

ಚೆನ್ನಾಗಿ ಬಣ್ಣ ಕೂತ ಸ್ಲೈಡಲ್ಲಿ ಹೆಣ್ಣು ಕಡುನೀಲಿ, ಗಂಡು ತೆಳು, ಅದರ ನ್ಯೂಕ್ಲಿಯಸ್ ಹರಡಿಕೊಂಡಿರುತ್ತದೆ. ಪರಾವಲಂಬಿಯೊಳಗಿನ ಪಿಗ್ಮೆಂಟಿನ (ಬಣ್ಣದ) ಕಾಳುಗಳನ್ನು ಎಣಿಸಲೇಬೇಕು. 2010ರಲ್ಲಿ ಗಾಲಾಪಗೋಸ್ ಬೆಳವನ ಹಕ್ಕಿಯಿಂದ ವಿವರಿಸಿದ ಹೀಮೋಪ್ರೋಟಿಯಸ್ ಪ್ರಭೇದಕ್ಕೆ ಮಲ್ಟಿಪಿಗ್ಮೆಂಟೇಟಸ್ ಎಂಬ ಹೆಸರು ಬಂದದ್ದೇ ಕಾಳುಗಳ ಹೆಚ್ಚಳದಿಂದ.

ಜೀನ್ ಇದೆಯಲ್ಲ ಅಂತ ಅವಳ ವಾದ. ಸೈಟೋಕ್ರೋಮ್ ಬಿ ಜೀನಿನ 479 ಡಿಎನ್‌ಎ ಅಕ್ಷರಗಳ ತುಂಡು ಬೇಕೇ ಬೇಕು, ಒಪ್ಪಿದೆ. ಆದರೆ ಒಂದೇ ಹಕ್ಕಿಯಲ್ಲಿ ಎರಡು ಪರಾವಲಂಬಿಗಳಿದ್ದರೆ ಡಿಎನ್‌ಎ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್ ವಿಧಾನ ಒಂದನ್ನೇ ಹೆಚ್ಚಿಸಿ ಇನ್ನೊಂದನ್ನು ಮುಚ್ಚಿಹಾಕಬಹುದು. ಜೀನಿನ ಅಕ್ಷರ ಓದಿದ ಗ್ರಾಫಿನಲ್ಲಿ ಒಂದೇ ಜಾಗಕ್ಕೆ ಎರಡು ಶಿಖರ ಕಂಡರೆ ಅಲ್ಲೇ ನಿಲ್ಲಬೇಕು. ಇನ್ನೊಂದು ಅಪಾಯ: ಕೀಟ ಕಚ್ಚಿ ಬಿಟ್ಟುಹೋದ ಸ್ಪೋರೋಜೋಯಿಟ್ (ಸೋಂಕು ತರುವ ಹಂತದ ಪರಾವಲಂಬಿ), ಈ ಹಕ್ಕಿಯಲ್ಲಿ ಬೆಳೆಯದೇ ಸಾಯುವಂಥದ್ದಾದರೂ, ಪಿಸಿಆರ್‌ನಲ್ಲಿ ಸಿಕ್ಕಿಬಿಡುತ್ತದೆ. ಗ್ಯಾಮಿಟೋಸೈಟನ್ನು ಕಣ್ಣಾರೆ ಕಾಣದೆ ಇದು ಬೆಳವನ ಹಕ್ಕಿಯದು ಎನ್ನುವ ಹಾಗಿಲ್ಲ. ಅದಕ್ಕೇ ಆತುರ ಬೇಡ ಅಂದದ್ದು. ಪಾಪ, ಅವಳ ಮುಖ ಸಣ್ಣದಾಯಿತು.

ಇನ್ನೂ ಒಂದಿದೆ. ಕೋಟೆ ಬಂಡೆಗಳ ಪಾರಿವಾಳ. ಹೀಮೋಪ್ರೋಟಿಯಸ್ ಕೊಲಂಬೆಯನ್ನು ಪಾರಿವಾಳದ ಚಪ್ಪಟೆ ನೊಣ ಹರಡುತ್ತದೆಂದು 1906ರಲ್ಲೇ ಸೆರ್ಜೆಂಟ್ ಸಹೋದರರು ತೋರಿಸಿದ್ದಾರೆ. ಆ ನೊಣ ಒಂದೇ ಜಾತಿಯ ಹಕ್ಕಿಗೆ ಅಂಟಿಕೊಂಡಿರುವುದಿಲ್ಲ. ಕೋಟೆಯ ಸ್ಲೈಡ್ ಪಕ್ಕದಲ್ಲಿಟ್ಟು ನೋಡದೆ ಜೋಗಿಮಟ್ಟಿಯದನ್ನು ಹೊಸದೆನ್ನುವುದು ಹೇಗೆ? ನಮ್ಮ ಅನುಮತಿ ಪತ್ರದಲ್ಲಿ ಪಾರಿವಾಳದ ಹೆಸರು ಇದೆಯೋ ಇಲ್ಲವೋ, ನಾಳೆ ಕಡತ ತೆಗೆದು ನೋಡಬೇಕು.