ನೀರಿಗಾಗಿ ಮಾರಿದ ಚಿತ್ರಗಳು

"ಮಾವ, ನೀರು ಎಷ್ಟು ಲೀಟರ್ ಇಟ್ಟಿದ್ದೀರಿ?" ಅಕ್ಕನ ಮಗಳು ಮೂರನೇ ಸಲ ಕೇಳಿದಳು. ಹನ್ನೆರಡು ಅಂದೆ. ನಂಬಲಿಲ್ಲ. ಡಿಕ್ಕಿ ತೆಗೆದು ತಾನೇ ಎಣಿಸಿದ ಮೇಲೆಯೇ ಕಾರು ಹೊರಟಿದ್ದು.

ಅವಳು ಆಲಿಸ್ ಸ್ಪ್ರಿಂಗ್ಸಿನಲ್ಲಿ ನರ್ಸು. ಆಸ್ಟ್ರೇಲಿಯಾದ ನಕಾಶೆಯ ನಟ್ಟ ನಡುವೆ ಬೆರಳಿಟ್ಟರೆ ಸಿಗುವ ಊರು ಅದು. ಅಲ್ಲಿಗೆ ಬಂದವರೆಲ್ಲ ಉಲುರು ಬಂಡೆ ನೋಡಿ ಹೋಗುತ್ತಾರೆ, ನಾನೂ ನೋಡಿದೆ. "ಅದು ಎಲ್ಲರೂ ನೋಡುವುದು. ನಾಳೆ ನಾನು ತೋರಿಸುವ ಕಡೆ ಹೋಗೋಣ" ಅಂದಳು. ಅದೇ ಹರ್ಮನ್ಸ್‌ಬರ್ಗ್, ಹಳೆಯ ಕ್ರೈಸ್ತ ಮಿಷನ್ನಿನ ಊರು. ಅಲ್ಲಿಯ ಮೂಲನಿವಾಸಿಗಳಾದ ಅರಂಡ ಜನ ಕರೆಯುವ ಹೆಸರು ಎನ್ಟಾರಿಯಾ.

ಆಲಿಸ್‌ನಿಂದ ಪಶ್ಚಿಮಕ್ಕೆ ಸುಮಾರು 130 ಕಿ.ಮೀ. ಜುಲೈ ತಿಂಗಳು, ಅಂದರೆ ಅಲ್ಲಿ ಚಳಿಗಾಲ. ಬೆಳಗ್ಗೆ ಕಾರಿನ ಗಾಜಿನ ಮೇಲೆ ಮಂಜು ಗಟ್ಟಿಯಾಗಿತ್ತು, ಹತ್ತು ಗಂಟೆಗೆ ಸ್ವೆಟರ್ ಬಿಚ್ಚಬೇಕಾಯಿತು. ಬಲಗಡೆ ಉದ್ದಕ್ಕೂ ಮ್ಯಾಕ್‌ಡೊನೆಲ್ ಬೆಟ್ಟಸಾಲು. ಕೆಳಗೆ ಕೆಂಪು ಮಣ್ಣು, ಮುಳ್ಳಿನಂಥ ಹುಲ್ಲು, ಅಲ್ಲಲ್ಲಿ ಬಿಳಿ ಕಾಂಡದ ನೀಲಗಿರಿ ಜಾತಿಯ ಮರ. ನಾನು ಚಳ್ಳಕೆರೆ ಕಡೆಯವನು. ಬರದ ನೆಲ ನೋಡಿ ಹೆದರುವವನಲ್ಲ. ಆದರೆ ಒಂದು ಗಂಟೆ ಓಡಿಸಿದರೂ ಒಂದು ಹಳ್ಳಿ, ಒಂದು ಬೋರ್‌ವೆಲ್, ಒಂದು ಕುರಿಮಂದೆ ಕಾಣದಿದ್ದಾಗ ಡಿಕ್ಕಿಯಲ್ಲಿರುವ ನೀರನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಎಣಿಸಿದೆ.

ಊರು ಮುಟ್ಟಿದ ಕೂಡಲೇ ಒಂದು ತಪ್ಪು ಮಾಡಿದೆ. ಮರದ ಕೆಳಗೆ ಕೂತಿದ್ದ ಅಜ್ಜಿ, ಮಕ್ಕಳು, ನಾಯಿಗಳ ಕಡೆ ಸುಮ್ನೆ ಮೊಬೈಲ್ ಎತ್ತಿದೆ. ಅಕ್ಕನ ಮಗಳು ನನ್ನ ಕೈ ಹಿಡಿದು ಕೆಳಗಿಳಿಸಿದಳು. "ನಿಮ್ಮ ಮನೆ ಜಗಲಿ ಮೇಲೆ ಯಾರೋ ಬಂದು ಫೋಟೋ ಹೊಡೆದರೆ ಹೇಗಿರುತ್ತೆ?" ಮುಖ ಸಣ್ಣದಾಯಿತು. ಆಮೇಲೆ ಇಡೀ ದಿನ ಕಟ್ಟಡಗಳನ್ನು ಮಾತ್ರ ತೆಗೆದೆ.

ಕಟ್ಟಡಗಳೇನೋ ವಿಚಿತ್ರವಾಗಿವೆ. ಸುಣ್ಣ ಬಳಿದ ದಪ್ಪ ಗೋಡೆ, ತಗಡಿನ ಮಾಡು, ಅಂಗಳದಲ್ಲಿ ಖರ್ಜೂರದ ಮರ, ನಡುವೆ ಒಂದು ಪುಟ್ಟ ಚರ್ಚು. ಜರ್ಮನಿಯ ಹಳ್ಳಿಯೊಂದನ್ನು ಯಾರೋ ಮರುಭೂಮಿಯಲ್ಲಿ ಮರೆತು ಹೋದಂತೆ. ಮಂಗಳೂರಿನ ಹಳೆಯ ಬಾಸೆಲ್ ಮಿಷನ್ ಕಟ್ಟಡಗಳ ನಡುವೆ ಓಡಾಡಿದವರಿಗೆ ಈ ಗೋಡೆಗಳು ಅಷ್ಟೊಂದು ಹೊಸದು ಅನಿಸಲಾರವು.

ಕೆಂಪೆ ಮತ್ತು ಶ್ವಾರ್ಜ್ ಎಂಬ ಇಬ್ಬರು ಲೂಥರನ್ ಪಾದ್ರಿಗಳು ದಕ್ಷಿಣ ಆಸ್ಟ್ರೇಲಿಯಾದ ಬೆಥನಿಯಿಂದ ಕುದುರೆ, ದನ, ಸುಮಾರು 2000 ಕುರಿಗಳನ್ನು ಹೊಡೆದುಕೊಂಡು ಹೊರಟರು. ದಾರಿಯಲ್ಲಿ ಬರ. ಇಲ್ಲಿಗೆ ಮುಟ್ಟಲು ಇಪ್ಪತ್ತು ತಿಂಗಳು ಹಿಡಿಯಿತು. 1877ರ ಜೂನ್‌ನಲ್ಲಿ ಬಂದಿಳಿದು, ಜರ್ಮನಿಯಲ್ಲಿ ತಾವು ಕಲಿತ ಊರಿನ ಹೆಸರನ್ನೇ ಇದಕ್ಕಿಟ್ಟರು. ಇದ್ದ ಹೆಸರು ಏನು ಕಡಿಮೆಯಾಗಿತ್ತು ಅಂತ ನನಗೆ ಅನಿಸಿತು. 1891ರ ಹೊತ್ತಿಗೆ ಕಾಯಿಲೆ, ಸಾವು, ಸೆಕೆ ಎಲ್ಲ ಸೇರಿ ಆ ಮೊದಲ ತಂಡ ಜಾಗ ಖಾಲಿ ಮಾಡಿತ್ತು.

1894ರಲ್ಲಿ ಕಾರ್ಲ್ ಸ್ಟ್ರೆಹ್ಲೊ ಬಂದ. ವಯಸ್ಸು ಇಪ್ಪತ್ತೆರಡು. ಆ ಇಸವಿ ನೋಡಿ ನಾನು ಗೋಡೆಯ ಮುಂದೆ ನಿಂತುಬಿಟ್ಟೆ. ಕಿಟೆಲ್ ನಿಘಂಟು ಅಚ್ಚಾದ ವರ್ಷ ಅದು! ಕಿಟೆಲ್ ಬಾಸೆಲ್ ಮಿಷನ್ನಿನವರು, ಇವನು ಲೂಥರನ್. ಇಬ್ಬರಿಗೂ ಏನೂ ಸಂಬಂಧವಿಲ್ಲ. ಆದರೆ ಈ ಜರ್ಮನ್ ಪಾದ್ರಿಗಳ ಶಬ್ದದ ಹುಚ್ಚು ಮಾತ್ರ ಒಂದೇ. ಸ್ಟ್ರೆಹ್ಲೊ ಕೂಡ ಸಾವಿರಾರು ಅರಂಡ ಪದಗಳನ್ನು ಕೂಡಿಹಾಕಿದ. ಹಿರಿಯರ ಮುಂದೆ ಕೂತು ಅವರ ಕಥೆ, ಅವರ ಪವಿತ್ರ ಹಾಡುಗಳನ್ನು ಬರೆದುಕೊಂಡ. ಬೈಬಲ್ಲಿನ ಹೊಸ ಒಡಂಬಡಿಕೆಯನ್ನು ಅರಂಡಕ್ಕೆ ತಂದ. ಅದರಲ್ಲಿ ಅವನಿಗೆ ನೆರವಾದವರಲ್ಲಿ ಮೋಸೆಸ್ ಜಲ್ಕಬೊಟ ಎಂಬ ಅರಂಡ ಮನುಷ್ಯ ಒಬ್ಬ. ಕಣ್ಣು ಹೋದ ಮೇಲೂ ಮೋಸೆಸ್ ಮರುಭೂಮಿಯಲ್ಲಿ ಊರೂರು ತಿರುಗಿ ಬೋಧನೆ ಮಾಡಿದ.

ಇಷ್ಟೆಲ್ಲ ಬರೆದುಕೊಂಡ ಸ್ಟ್ರೆಹ್ಲೊ ಅವರ ಆಚರಣೆಗಳಿಗೆ ಒಂದು ದಿನವೂ ಹೋಗಲಿಲ್ಲ. ಪಾದ್ರಿಯಾದವನು ಹೋಗಬಾರದು ಅಂತ. ಹಾಡಿನ ಪ್ರತಿ ಅಕ್ಷರ ಬೇಕು, ಕುಣಿತ ಬೇಡ. ಯಕ್ಷಗಾನದ ಪ್ರಸಂಗವನ್ನೆಲ್ಲ ನಕಲು ಮಾಡಿಕೊಂಡು ಆಟಕ್ಕೆ ಮಾತ್ರ ಬೆನ್ನು ಹಾಕಿದ ಹಾಗೆ, ಅಲ್ವಾ? 1922ರಲ್ಲಿ ಅವನಿಗೆ ಮೈಯೆಲ್ಲ ನೀರು ತುಂಬುವ ಕಾಯಿಲೆಯಾಯಿತು. ಕುರ್ಚಿಯಲ್ಲಿ ಕೂರಿಸಿ, ಗಾಡಿಗೆ ಕಟ್ಟಿ, ಒಣಗಿದ ಫಿಂಕ್ ನದಿಯ ಜಾಡಿನಲ್ಲಿ ದಕ್ಷಿಣಕ್ಕೆ ಹೊತ್ತೊಯ್ದರು. ಡಾಕ್ಟರ್ ಸಿಗುವ ಮೊದಲೇ ಹಾರ್ಸ್‌ಶೂ ಬೆಂಡ್ ಎಂಬಲ್ಲಿ ಜೀವ ಹೋಯಿತು.

ಹಿಂದೆ ಪಾದ್ರಿ ಇದ್ದ ಮನೆಯಲ್ಲಿ ಈಗ ಟೀ ಅಂಗಡಿ. ಸೇಬು ತುಂಬಿದ ಸ್ಟ್ರೂಡಲ್ ಅಲ್ಲಿಯ ವಿಶೇಷ. ಚೆನ್ನಾಗಿತ್ತು. ಆದರೂ ನಾವು ತಂದಿದ್ದ ಚಿತ್ರಾನ್ನದ ಡಬ್ಬಿಯನ್ನು ಹೊರಗೆ ಮರದ ಕೆಳಗೆ ಬಿಚ್ಚದೆ ಬಿಡಲಿಲ್ಲ. ಅಲ್ಲೇ ಅಕ್ಕನ ಮಗಳು ತಾನು ಯಾಕೆ ಇಲ್ಲಿಗೆ ಕರೆತಂದೆ ಅಂತ ಹೇಳಿದ್ದು.

1926ರಿಂದ 29ರವರೆಗೆ ಇಲ್ಲಿ ಭೀಕರ ಬರ. ಆಲ್ಬ್ರೆಕ್ಟ್ ಎಂಬ ಹೊಸ ಪಾದ್ರಿ ಬಂದಿದ್ದೂ ಆ ಬರದಲ್ಲೇ. ಹಿಟ್ಟು, ಟೀ, ಸಕ್ಕರೆ ಹಂಚುತ್ತಿದ್ದರು. ಹಣ್ಣು ತರಕಾರಿ ಮಾತ್ರ ಇಲ್ಲ. ಜನಕ್ಕೆ ಸ್ಕರ್ವಿ ಹಿಡಿಯಿತು, ಮಕ್ಕಳು ಬಹಳ ಸತ್ತರು. ತೋಟ ಮಾಡೋಣ ಅಂದರೆ ನೀರಿಲ್ಲ. ಕಪೊರಿಲ್ಯ ಎಂಬ ಚಿಲುಮೆಯಲ್ಲಿ ನೀರಿತ್ತು, ಅದು ಕೆಲವು ಕಿ.ಮೀ. ದೂರ. ಪೈಪ್ ಹಾಕಲು ಹಣ ಎಲ್ಲಿಂದ? ಆಗ ಮೆಲ್ಬೋರ್ನಿನ ಚಿತ್ರಕಾರ್ತಿ ವಯಲೆಟ್ ಟೀಗ್ ಮತ್ತು ತಂಗಿ ಊನಾ ಇಲ್ಲಿಗೆ ಬಂದಿದ್ದರು. ವಾಪಸ್ ಹೋಗಿ ಚಿತ್ರಗಳ ಪ್ರದರ್ಶನ ಇಟ್ಟು, ಮಾರಿ, ದುಡ್ಡು ಕೂಡಿಸಿದರು. ಕಾಲುವೆ ಅಗೆದದ್ದು ಇಲ್ಲಿಯ ಜನ. 1935ರಲ್ಲಿ ನೀರು ಊರಿಗೆ ಬಂತು.

ಸರಿಯಾಗಿ ಆ ವರ್ಷಗಳಲ್ಲೇ ರೆಕ್ಸ್ ಬ್ಯಾಟರ್ಬಿ ಎಂಬ ಚಿತ್ರಕಾರ ಇಲ್ಲಿಗೆ ಬಂದು ತನ್ನ ಜಲವರ್ಣಗಳನ್ನು ತೋರಿಸಿದ. ನೋಡಲು ಬಂದವರಲ್ಲಿ ಆಲ್ಬರ್ಟ್ ನಮಟ್ಜಿರ ಇದ್ದ. 1902ರಲ್ಲಿ ಇಲ್ಲೇ ಹುಟ್ಟಿದ ಅರಂಡ ಮನುಷ್ಯ. ಬ್ಯಾಟರ್ಬಿಯ ಒಂಟೆ ನೋಡಿಕೊಳ್ಳುತ್ತಾ ಬಣ್ಣ ಕಲಿತ. 1938ರಲ್ಲಿ ಮೆಲ್ಬೋರ್ನಿನಲ್ಲಿ ಅವನ ಪ್ರದರ್ಶನದ ಚಿತ್ರಗಳೆಲ್ಲ ಮಾರಾಟವಾದವು. ಹೆಸರು ಬಂತು, ಹಣ ಬಂತು. ಆಲಿಸ್‌ನಲ್ಲಿ ಒಂದು ಮನೆ ಕಟ್ಟಲು ಮಾತ್ರ ಸರ್ಕಾರ ಬಿಡಲಿಲ್ಲ. 1957ರಲ್ಲಿ ಪೌರತ್ವ ಕೊಟ್ಟಿತು. ಅಂದರೆ ಅವನು ಮದ್ಯ ಕೊಳ್ಳಬಹುದು, ಪೌರತ್ವವಿಲ್ಲದ ತನ್ನ ಬಂಧುಗಳಿಗೆ ಕೊಡುವ ಹಾಗಿಲ್ಲ. ಇದ್ದದ್ದನ್ನು ಹಂಚಿಕೊಳ್ಳುವುದೇ ರೂಢಿಯಾದ ಜನರ ನಡುವೆ ಇದೆಂಥ ಕಾನೂನು? 1958ರಲ್ಲಿ ಅದೇ ಕೇಸಿನಲ್ಲಿ ಶಿಕ್ಷೆಯಾಯಿತು. 1959ರಲ್ಲಿ ಎರಡು ತಿಂಗಳು ಪಪುನ್ಯ ಎಂಬ ಮೂಲನಿವಾಸಿಗಳ ಸರ್ಕಾರಿ ವಸತಿಯಲ್ಲಿ ಇಟ್ಟರು. ಅದೇ ವರ್ಷ ತೀರಿಕೊಂಡ.

"ಅದೇ ಪಪುನ್ಯದಲ್ಲಿ 1971ರಿಂದ ಹಿರಿಯರು ತಮ್ಮದೇ ಚಿತ್ರಗಳನ್ನು ಬರೆಯಲು ಶುರು ಮಾಡಿದರು ಮಾವ. ಚುಕ್ಕಿ ಚುಕ್ಕಿ ಚಿತ್ರ, ನೀವು ಏರ್‌ಪೋರ್ಟಿನಲ್ಲಿ ನೋಡಿದಿರಲ್ಲ" ಅಂದಳು. ಅವರಲ್ಲಿ ಪಿಂಟುಪಿ ಎಂಬ ಇನ್ನೊಂದು ಮೂಲನಿವಾಸಿ ಜನ ಅನೇಕರು. ಅವರ ಹಿಂದಿನ ತಲೆಮಾರಿನವರು ಪಶ್ಚಿಮದ ಮರುಭೂಮಿಯಿಂದ ಬಂದು ಲೂಥರನ್ನರ ಹಾಸ್ಟ್ಸ್ ಬ್ಲಫ್ ಕೇಂದ್ರದಲ್ಲಿ ರೇಷನ್ನಿಗೆ ನಿಂತವರು. ಕಾಲ ಕಳೆದ ಹಾಗೆ ಸಕ್ಕರೆ ಕಾಯಿಲೆ, ಕಿಡ್ನಿ ಕಾಯಿಲೆ ಬಂತು. ಡಯಾಲಿಸಿಸ್‌ಗೆ ಪಶ್ಚಿಮ ಮರುಭೂಮಿಯ ತಮ್ಮ ಊರು ಬಿಟ್ಟು ಆಲಿಸ್‌ಗೇ ಬಂದಿರಬೇಕಿತ್ತು, ಐನೂರು ಕಿ.ಮೀ. ದೂರ. ಬಂದವರು ತಮ್ಮ ನೆಲ ನೋಡದೆ ಅಲ್ಲೇ ಸಾಯುತ್ತಿದ್ದರು. 2000ರಲ್ಲಿ ಆ ಚಿತ್ರಕಾರರು ತಮ್ಮ ಚಿತ್ರಗಳನ್ನು ಸಿಡ್ನಿಯಲ್ಲಿ ಹರಾಜಿಗಿಟ್ಟರು. ಹತ್ತು ಲಕ್ಷ ಡಾಲರಿಗೂ ಜಾಸ್ತಿ ಬಂತು. ಆ ದುಡ್ಡಿನಿಂದ ಊರಲ್ಲೇ ಡಯಾಲಿಸಿಸ್ ಯಂತ್ರ. ಅದು ಬೆಳೆದು ಇವತ್ತಿನ ಪರ್ಪಲ್ ಹೌಸ್ ಎಂಬ ಡಯಾಲಿಸಿಸ್ ಸಂಸ್ಥೆ ಆಗಿದೆ. ಎನ್ಟಾರಿಯಾದಲ್ಲೂ ಅದರ ಒಂದು ಘಟಕ ಇದೆ.

"ಒಂದು ಸಲ ಯಾರೋ ಇವರಿಗಾಗಿ ಚಿತ್ರ ಮಾರಿದರು. ಇನ್ನೊಂದು ಸಲ ಇವರೇ ಮಾರಿಕೊಂಡರು" ಅಂದು ಡಬ್ಬಿಯ ಮುಚ್ಚಳ ಹಾಕಿದಳು. ಮಿಷನ್ ಒಳ್ಳೆಯದು ಮಾಡಿತೋ ಕೆಟ್ಟದ್ದೋ ಅಂತ ಕೇಳಬೇಕೆಂದಿದ್ದೆ. ಕೇಳಲಿಲ್ಲ. 1982ರಲ್ಲಿ ಮಿಷನ್ನಿನ ಜಮೀನು ಅರಂಡ ಜನಕ್ಕೇ ವಾಪಸಾಗಿದೆ. ಚರ್ಚನ್ನು ಅವರು ಬಿಟ್ಟಿಲ್ಲ.

ಭಾನುವಾರ ಆಲಿಸ್‌ನಲ್ಲಿ ಲೂಥರನ್ನರ ಅರಂಡ ಭಾಷೆಯ ಪ್ರಾರ್ಥನೆಗೆ ಹೋದೆವು. ಕೊನೆಯ ಬೆಂಚು. ಹೆಂಗಸರು ಹಾಡಿದರು. ರಾಗ ಜರ್ಮನಿಯದು, ಆದರೆ ತುಂಬಾ ನಿಧಾನ. ಒಂದೊಂದು ಸ್ವರವನ್ನೂ ನೆಲಕ್ಕೆ ಊರಿ ಮುಂದೆ ಹೋದಂತೆ. ನನಗೆ ಒಂದು ಪದವೂ ತಿಳಿಯಲಿಲ್ಲ, ಎದ್ದು ಹೋಗಲೂ ಮನಸ್ಸಾಗಲಿಲ್ಲ.

ಹೊರಗೆ ಬಂದಾಗ ಅಕ್ಕನ ಮಗಳ ಪೇಷಂಟ್ ಒಬ್ಬರು, ಹಾಡಿದವರಲ್ಲೇ ಒಬ್ಬರು, ನನ್ನನ್ನು ಮಾತಾಡಿಸಿದರು. ಹೆಸರು ಕೇಳಲಿಲ್ಲ, ಕೆಲಸ ಕೇಳಲಿಲ್ಲ. "ನಿನ್ನ ಊರಿನ ನದಿ ಯಾವುದು?" ಅಂದರು.

"ವೇದಾವತಿ."

"ನೀರಿದೆಯಾ?"

"ಹೆಚ್ಚಾಗಿ ಮರಳು. ನೀರು ಬಂದರೆ ಊರಿಗೆ ಊರೇ ನೋಡಲು ಹೋಗುತ್ತೇವೆ."

ಅವರು ಜೋರಾಗಿ ನಕ್ಕು, ಪಕ್ಕದವರಿಗೆ ಅದನ್ನು ಅರಂಡದಲ್ಲಿ ಹೇಳಿದರು. ಅವರೂ ನಕ್ಕರು.